ಹಳೆಯ ನಕ್ಷೆಯಲ್ಲಿ ತುಂಗಭದ್ರೆ ನಾಲ್ಕು ಕಿಲೋಮೀಟರು ಪೂರ್ವಕ್ಕೆ ಬೀಳುವುದೇಕೆ?

ಹೈದರಾಬಾದ್ ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತಕ್ಕೂ ತುಂಗಭದ್ರೆ ಗಡಿಯಾಗಿದ್ದ ಕಾಲದ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲಿಟ್ಟರೆ ಹಂಪಿ-ಆನೆಗೊಂದಿಯ ಬಳಿ ಹೊಳೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ ಬೀಳುತ್ತದೆ, ಪಾತ್ರ ಬದಲಾಗಿದೆಯೇ ಎಂದು ಕೇಳಿದ್ದೀರಿ. ಹೊಳೆ ಸರಿದಿಲ್ಲ. ಗ್ರಾನೈಟ್ ಬಂಡೆಗಳ ನಡುವೆ ಹರಿಯುವ ನದಿ ನೂರಿನ್ನೂರು ವರ್ಷಗಳಲ್ಲಿ ಅಷ್ಟು ದೂರ ಹೋಗುವುದೂ ಇಲ್ಲ. ಅದರ ಜೊತೆಗೆ ವಿರೂಪಾಕ್ಷ ದೇವಾಲಯವೂ ಅಷ್ಟೇ ಸರಿದಿದೆಯೇ ನೋಡಿ. ಸರಿದಿದ್ದರೆ ತಪ್ಪು ರೇಖಾಂಶದ್ದು.

ಸರ್ವೇ ಆಫ್ ಇಂಡಿಯಾದ ಹಳೆಯ ನಕ್ಷೆಗಳ ರೇಖಾಂಶಗಳಿಗೆ ಮದ್ರಾಸಿನ ಖಗೋಳ ವೀಕ್ಷಣಾಲಯವೇ ಆಧಾರ. ಆ ವೀಕ್ಷಣಾಲಯದ ರೇಖಾಂಶವನ್ನೇ ಎರಡೂವರೆ ಮಿನಿಟಿನಷ್ಟು (ಇಲ್ಲಿ ಮಿನಿಟೆಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಹೆಚ್ಚಾಗಿ ಹಿಡಿದಿದ್ದರಿಂದ ನಕ್ಷೆಯಲ್ಲಿದ್ದುದೆಲ್ಲವೂ ಪೂರ್ವಕ್ಕೆ ಜರುಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೆ 2 ಮಿನಿಟು 27 ಸೆಕೆಂಡುಗಳ ತಿದ್ದುಪಡಿಯನ್ನು ನಿಗದಿಪಡಿಸಲಾಯಿತು; ಹಂಪಿಯ ಅಕ್ಷಾಂಶದಲ್ಲಿ ಅದು ಸುಮಾರು 4.4 ಕಿಲೋಮೀಟರು. ಹಲವು ಹಾಳೆಗಳ ಅಂಚಿನಲ್ಲಿ ಈ ಸೂಚನೆ ಚಿಕ್ಕ ಅಕ್ಷರಗಳಲ್ಲಿರುತ್ತದೆ. ಸ್ಕ್ಯಾನ್ ಮಾಡುವವರು ಅಂಚನ್ನು ಕತ್ತರಿಸಿಬಿಡುತ್ತಾರೆ. ಅಂಥ ಪ್ರತಿಯನ್ನು ನಂಬಿ ನಾನೂ ಒಂದು ವಾರ ಕಳೆದುಕೊಂಡಿದ್ದೇನೆ. ನಂತರದ ಒಂದಂಗುಲಕ್ಕೆ ಒಂದು ಮೈಲಿಯ ಹಾಳೆಗಳಲ್ಲಿ (ಹೊಸಪೇಟೆ-ಹಂಪಿಗೆ ಹಾಳೆ ಸಂಖ್ಯೆ 57 ಎ/7) ಈ ತಿದ್ದುಪಡಿ ಮೊದಲೇ ಆಗಿರಬಹುದು; ಅದನ್ನು ಎರಡನೆಯ ಬಾರಿ ಕಳೆಯಲು ಹೋಗಬೇಡಿ, ಮೊದಲು ಅಂಚನ್ನು ಓದಿ. ಆಮೇಲೂ ಉಳಿಯುವ ಅಲ್ಪಸ್ವಲ್ಪ ವ್ಯತ್ಯಾಸ ಎವರೆಸ್ಟ್ ದೀರ್ಘಗೋಲದ್ದು, ಅಂದರೆ ಹಳೆಯ ನಕ್ಷೆಗಳಲ್ಲಿ ಭೂಮಿಯ ಆಕಾರಕ್ಕೆ ಹಿಡಿದ ಲೆಕ್ಕದ್ದು. ಎರಡೂ ದಡಗಳಲ್ಲಿ ಗುರುತಿಸಬಲ್ಲ ಬೆಟ್ಟ, ಗುಡಿಗಳನ್ನು ಹಿಡಿದು ಅದನ್ನು ಸರಿಪಡಿಸಬಹುದು.

ಗಡಿಯ ವಿಷಯಕ್ಕೆ ಬಂದರೆ, 1800ರ ಒಪ್ಪಂದದಲ್ಲಿ ಕೊಪ್ಪಳ, ಗಜೇಂದ್ರಗಡಗಳನ್ನು ನಿಜಾಮನಿಗೇ ಬಿಟ್ಟು, ಬದಲಿಗೆ ಈಸ್ಟ್ ಇಂಡಿಯಾ ಕಂಪನಿ ಆದೋನಿಯನ್ನು ಪಡೆದದ್ದರ ಉದ್ದೇಶವೇ ನದಿಯನ್ನು ಸ್ಪಷ್ಟ ಎಲ್ಲೆಯಾಗಿಸುವುದಾಗಿತ್ತು. ಹೀಗಾಗಿ ಆನೆಗೊಂದಿ ಒಂದು ಸರ್ಕಾರಕ್ಕೆ, ಹಂಪಿ ಇನ್ನೊಂದಕ್ಕೆ ಸೇರಿದವು. 1956ರಲ್ಲಿ ಇಲ್ಲಿ ಈ ಗಡಿ ಅಳಿಯಿತು. ಕೆಳಗೆ ಮಂತ್ರಾಲಯದ ಬಳಿ ಇಂದಿಗೂ ಅದೇ ನದಿ ಗಡಿ.

ನಿಜವಾಗಿ ಬದಲಾದದ್ದು ಹೊಸಪೇಟೆಯ ಪಶ್ಚಿಮಕ್ಕೆ. 1953ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು ಇರುವಲ್ಲಿ ಹಳೆಯ ಹಾಳೆಯಲ್ಲಿ ಊರುಗಳಿವೆ, ದಾರಿಗಳಿವೆ; ಬಸವಣ್ಣ ಕಾಲುವೆಗೆ ನೀರು ಹಾಯಿಸುತ್ತಿದ್ದ ವಿಜಯನಗರ ಕಾಲದ ವಲ್ಲಭಾಪುರದ ಒಡ್ಡೂ ಅಲ್ಲೇ ಮುಳುಗಿದೆ. ರೇಖಾಂಶವನ್ನು ತಿದ್ದಿಕೊಂಡ ಮೇಲೆ ಹೋಲಿಸಿ ನೋಡಬೇಕಾದ ಭಾಗ ಅದೇ.