ಸೈಕಲ್ ತುಳಿಸಿ, ಆಮೇಲೆ ಅಂಕಿ ಹೇಳಿ

ನಮಸ್ಕಾರ.

ಸರ್ಜರಿಗೆ ಮುಂಚೆ ರೋಗಿಯಿಂದ ಸೈಕಲ್ ತುಳಿಸಿ ತಾಕತ್ತು ಅಳೆಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಹಾಕಲು ಆಗುವುದಿಲ್ಲ. ವಿಷಯ ಮಾತ್ರ ಬಿಡುವಂಥದ್ದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ‘ಆರೋಗ್ಯವೇ ಭಾಗ್ಯ’ ಅಂತಲೇ ಹೋಗಿದೆ. ಪೂರ್ತಿ ತೆಗೆಯಿರಿ. ಪರೀಕ್ಷೆ ಬರುವುದು ಮೂರನೇ ಪುಟದಲ್ಲಿ, ಅದೂ ‘ಆಧುನಿಕ ಉಪಕರಣಗಳ ನೆರವಿನಿಂದ’ ಎಂಬ ಒಂದೇ ಸಾಲಿನಲ್ಲಿ. ಯಾವ ಉಪಕರಣ ಸ್ವಾಮಿ? ಮೂಗು ಬಾಯಿ ಮುಚ್ಚುವ ಮಾಸ್ಕ್, ಎದೆಗೆ ಅಂಟಿಸಿದ ಇಸಿಜಿ ವೈರು, ಇದ್ದಲ್ಲೇ ಇರುವ ಸೈಕಲ್. ಮೂರು ನಿಮಿಷ ಹಗುರಾಗಿ ತುಳಿಸುತ್ತಾರೆ, ಆಮೇಲೆ ಪೆಡಲ್ ಬಿಗಿಯಾಗುತ್ತಾ ಹೋಗುತ್ತದೆ. ಇನ್ನೊಂದು ಹತ್ತು ನಿಮಿಷದಲ್ಲಿ ಕಾಲು ಸೋಲುತ್ತದೆ. ಅಷ್ಟರೊಳಗೆ ಪ್ರತಿ ಉಸಿರಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಲೆಕ್ಕ ಯಂತ್ರದಲ್ಲಿ ಬಿದ್ದಿರುತ್ತದೆ. ಒಂದು ಹಂತ ದಾಟಿದ ಮೇಲೆ ಆಕ್ಸಿಜನ್‌ಗಿಂತ ಕಾರ್ಬನ್ ಡೈಆಕ್ಸೈಡ್ ಜೋರಾಗಿ ಏರುತ್ತದೆ. ಅದೇ ನೀವು ವಿವರಿಸದೆ ಬಿಟ್ಟ ಅನೇರೋಬಿಕ್ ಥ್ರೆಶೋಲ್ಡ್. ರೋಗಿ ಕೊನೆಯವರೆಗೂ ಜೀವ ತೇಯ್ದು ತುಳಿಯದಿದ್ದರೂ ಇದು ಸಿಗುತ್ತದೆ. ಇದನ್ನು ಬರೆಯಬೇಡವೇ?

‘ಪಾಸಾದರೆ ಸರ್ಜರಿ, ಫೇಲಾದರೆ ಇಲ್ಲ’ ಅಂದಿದ್ದೀರಿ. ಇದು ತಪ್ಪು, ಓದಿದ ರೋಗಿ ಹೆದರಿ ಸರ್ಜರಿಯನ್ನೇ ಬಿಟ್ಟಾನು. 1993ರಲ್ಲಿ ಆಸ್ಟ್ರೇಲಿಯಾದ ವೈದ್ಯ ಪಾಲ್ ಓಲ್ಡರ್ ಅವರ ತಂಡ 187 ಹಿರಿಯ ರೋಗಿಗಳ ಲೆಕ್ಕ ಕೊಟ್ಟಿತು. ಈ ಥ್ರೆಶೋಲ್ಡ್‌ನಲ್ಲಿ ದೇಹ ಬಳಸುವ ಆಕ್ಸಿಜನ್ ಕೆಜಿ ತೂಕಕ್ಕೆ ನಿಮಿಷಕ್ಕೆ 11 ಎಂಎಲ್‌ಗಿಂತ ಕೆಳಗಿದ್ದ 55 ಮಂದಿಯಲ್ಲಿ 10 ಜನ ಹೃದಯದ ತೊಂದರೆಯಿಂದ ಸತ್ತರು. ಮೇಲಿದ್ದ 132ರಲ್ಲಿ ಒಬ್ಬರು. ಈ 10 ಮಾತ್ರ ನೀವು ಬರೆದಿರಿ, ಉಳಿದ 45 ಎಲ್ಲಿ ಹೋದರು? ಅಂಕಿ ಕಡಿಮೆ ಬಂದವರಿಗೆ ಐಸಿಯು ಬೆಡ್ ಮೊದಲೇ ಇಡುತ್ತಾರೆ, ಕೆಲವು ವಾರ ವ್ಯಾಯಾಮ ಮಾಡಿಸುತ್ತಾರೆ, ಚಿಕ್ಕ ಸರ್ಜರಿ ಸಾಕೇ ಅಂತ ಯೋಚಿಸುತ್ತಾರೆ.

ಇನ್ನೊಂದು. ಸರ್ಜರಿಗೆ ಮುಂಚೆ ತಾಕತ್ತು ಅಳೆಯುವ ವಿಧಾನಗಳನ್ನು ಹೋಲಿಸಿ ನೋಡಿದ 2018ರ ಮೆಟ್ಸ್ ಅಧ್ಯಯನವನ್ನು ಅರ್ಧವೇ ಹೇಳಿದ್ದೀರಿ. ನಾಲ್ಕು ದೇಶಗಳ 1401 ರೋಗಿಗಳು. ನಿಜಕ್ಕೂ ತಾಕತ್ತಿಲ್ಲದವರಲ್ಲಿ ಸುಮಾರು 19 ಪರ್ಸೆಂಟ್ ಮಂದಿಯನ್ನಷ್ಟೇ ವೈದ್ಯರ ಕಣ್ಣಂದಾಜು ಹಿಡಿಯಿತು. ಇದನ್ನು ಬರೆದಿದ್ದೀರಿ, ಸರಿ. ಆದರೆ ಅಲ್ಲೇ, 30 ದಿನದೊಳಗಿನ ಸಾವು ಅಥವಾ ಹೃದಯಾಘಾತದ ಸುಳಿವು ಕೊಡುವುದರಲ್ಲಿ 12 ಪ್ರಶ್ನೆಗಳ ಒಂದು ಪಟ್ಟಿ ಸೈಕಲ್ ಪರೀಕ್ಷೆಯನ್ನೇ ಹಿಂದೆ ಹಾಕಿತು. ಮೆಟ್ಟಿಲು ಹತ್ತುತ್ತೀರಾ, ಮನೆ ಗುಡಿಸುತ್ತೀರಾ, ಇಂಥವೇ ಪ್ರಶ್ನೆಗಳು. ಇದನ್ನು ಯಾಕೆ ಬಿಟ್ಟಿರಿ? ನಿಮ್ಮ ವಾದಕ್ಕೆ ಅಡ್ಡ ಬಂತು, ಅಲ್ವಾ? ಸೈಕಲ್ ಯಂತ್ರವಿಲ್ಲದ ಊರಿನ ಓದುಗರಿಗೆ ಬೇಕಾದದ್ದೇ ಅದು. ಲೇಖನ ಅಲ್ಲಿಂದಲೇ ಶುರುವಾಗಲಿ. 800 ಪದ ಸಾಕು. ಬರೆದು ಕಳಿಸಿ, ಖಂಡಿತ ಓದುತ್ತೇನೆ.