ಮುಖಪುಟದಲ್ಲಿ ಸನ್ಮಾನದ ಫೋಟೊ ಬೇಡ

ಬಾಗಲಕೋಟೆಯಿಂದ ಕೇಳಿದ್ದೀರಿ: ಎರಡು ಕಥಾಸಂಕಲನಗಳಿವೆ, ಜಾಲತಾಣದ ಮುಖಪುಟಕ್ಕೆ ಸನ್ಮಾನದ ಫೋಟೊಗಳನ್ನು ಹಾಕಲೇ ಎಂದು. ಬೇಡ. ಶಾಲು, ಹಾರ ನೋಡಿ ಯಾರೂ ಪುಸ್ತಕ ಕೊಳ್ಳುವುದಿಲ್ಲ. ನಿಮ್ಮ ಹೆಸರು, ರಕ್ಷಾಪುಟಗಳು, ಬೆಲೆ, ತರಿಸಿಕೊಳ್ಳುವ ದಾರಿ ಮೇಲಿರಲಿ. ಒಂದು ಕಥೆಯನ್ನು ಪೂರ್ತಿ ಓದಲು ಬಿಡಿ. ಅದು ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಮೊಬೈಲ್‌, ಕಂಪ್ಯೂಟರ್‌ಗಳು ಗುರುತಿಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿ. ಇಲ್ಲದಿದ್ದರೆ ಓದುಗರ ಮೊಬೈಲ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಿಸಿದ ಬಳಿಕ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ, ತಪ್ಪುಗಳು ಹೆಚ್ಚಾಗಿ ಅಲ್ಲೇ ಅಡಗಿರುತ್ತವೆ. ಪುಸ್ತಕದ ಪುಟಗಳ ಫೋಟೊ ಹಿಡಿದು ಜಾಲತಾಣಕ್ಕೆ ಏರಿಸುವ ಸುಲಭದ ದಾರಿಗೆ ಹೋಗಬೇಡಿ, ಗೂಗಲ್‌ನಲ್ಲಿ ಹುಡುಕಿದವರಿಗೆ ಕಥೆ ಸಿಗುವುದು ಕಷ್ಟ.

ಡೊಮೇನ್, ಅಂದರೆ ಜಾಲತಾಣದ ವಿಳಾಸ, ಪುಸ್ತಕದ ಹೆಸರಿನಲ್ಲಿ ಬೇಡ, ನಿಮ್ಮ ಹೆಸರಿನಲ್ಲಿರಲಿ. ನೋಂದಣಿಯೂ ನಿಮ್ಮ ಇಮೇಲ್‌ನಿಂದಲೇ ಆಗಲಿ. ವಿನ್ಯಾಸ ಮಾಡಿಕೊಟ್ಟ ಹುಡುಗನ ಖಾತೆಯಲ್ಲಿದ್ದರೆ, ಅವನು ಪುಣೆಗೆ ನೌಕರಿಗೆ ಹೋದ ಮೇಲೆ ನವೀಕರಣಕ್ಕಾಗಿ ನೀವು ಪರದಾಡಬೇಕಾಗುತ್ತದೆ.