ಸೂಜಿಯಲ್ಲಿ ರಕ್ತ ಎಳೆದರೆ ಸಾಲದೇ, ಡಾಕ್ಟ್ರೇ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಹರೆಯದಲ್ಲಿ ಟಿ.ಬಿ. ಬಂದು ಎದೆಯಲ್ಲಿ ನೀರು ತುಂಬಿತ್ತಂತೆ. ಈಗ ಕೆಮ್ಮಿದಾಗ ಕಫದಲ್ಲಿ ರಕ್ತ ಬೀಳುತ್ತಿದೆ. ಸಿ.ಟಿ. ಸ್ಕ್ಯಾನಿನಲ್ಲಿ ಬಲಗಡೆ ದೊಡ್ಡ ಗಡ್ಡೆ ಕಂಡಿದೆ. ಬಯಾಪ್ಸಿಯಲ್ಲಿ ಹಳೇ ರಕ್ತ ಬಿಟ್ಟು ಬೇರೇನೂ ಸಿಗಲಿಲ್ಲ. ಆದರೂ ಆಪರೇಷನ್ ಮಾಡಲೇಬೇಕು ಅನ್ನುತ್ತಾರೆ. ಸೂಜಿಯಲ್ಲೇ ರಕ್ತ ಎಳೆದು ತೆಗೆದರೆ ಸಾಲದೇ?

ಉತ್ತರ: ಸಾಲದು. ಒಳಗಿರೋದು ರಕ್ತ ತಾನೇ ಅಂತ ಅನ್ನಿಸುವುದು ಸಹಜ. ಆದರೆ ತೊಂದರೆಯ ಬೇರು ಆ ರಕ್ತವನ್ನು ಸುತ್ತಿಕೊಂಡ ಚೀಲದಲ್ಲಿದೆ.

ಮೈಯೊಳಗೆ ಹೆಪ್ಪುಗಟ್ಟಿದ ರಕ್ತ ಸಾಮಾನ್ಯವಾಗಿ ತಾನಾಗಿ ಕರಗಿಹೋಗುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಕರಗುವುದಿಲ್ಲ. ಅದರ ಸುತ್ತ ನಾರಿನಂಥ ದಪ್ಪ ಚೀಲ ಬೆಳೆಯುತ್ತದೆ. ಚೀಲದ ಒಳಮೈಯಲ್ಲಿ ಹುಟ್ಟುವ ಸಣ್ಣ ರಕ್ತನಾಳಗಳು ಬಲು ನಾಜೂಕು. ಹಳೇ ರಕ್ತದ ಅಂಶಗಳು ಅವನ್ನು ಕೆರಳಿಸುತ್ತವೆ, ಮತ್ತೆ ರಕ್ತ ಜಿನುಗುತ್ತದೆ. ಗಾಯದ ಹಕ್ಕಳೆ ಕಿತ್ತಾಗಲೆಲ್ಲ ರಕ್ತ ಬಂದ ಹಾಗೆ. ಹೀಗೆ ತಿಂಗಳು ಕಳೆದರೂ ಬೆಳೆಯುತ್ತಲೇ ಇರುವ ಗಡ್ಡೆಯನ್ನು 1980ರಲ್ಲಿ ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿದರು. ಹೆಸರು ‘ಕ್ರಾನಿಕ್ ಎಕ್ಸ್‌ಪ್ಯಾಂಡಿಂಗ್ ಹೆಮಟೋಮಾ’. ಎದೆಯಲ್ಲಿ ಇದು ಹಳೇ ಟಿ.ಬಿ., ಎದೆಯ ಆಪರೇಷನ್ ಅಥವಾ ಪೆಟ್ಟಿನ ನಂತರ, ಎಷ್ಟೋ ಸಲ ದಶಕಗಳೇ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಹರೆಯದ ಆ ಟಿ.ಬಿ. ವಿಷಯ ಸರ್ಜನ್‌ಗೆ ಹೇಳಲೇಬೇಕು. ಹಳೇ ಎಕ್ಸ್‌ರೇ ಇದ್ದರೆ ಹುಡುಕಿ ಕೊಡಿ.

ಗಡ್ಡೆ ಶ್ವಾಸಕೋಶವನ್ನು ಕೊರೆದು ಶ್ವಾಸನಾಳಕ್ಕೆ ದಾರಿ ಮಾಡಿಕೊಂಡಾಗ ಕಫದಲ್ಲಿ ರಕ್ತ ಬರುತ್ತದೆ. ಬರೀ ರಕ್ತ ಎಳೆದರೆ ಚೀಲ ಉಳಿಯುತ್ತದೆ, ಮತ್ತೆ ತುಂಬುತ್ತದೆ, ಕೀವಾಗುವ ಭಯವೂ ಇದೆ. ಆದ್ದರಿಂದ ಚೀಲದ ಸಮೇತ ತೆಗೆಯುವುದೇ ಸರಿ. ಇನ್ನೊಂದು ಮಾತು. ಬಯಾಪ್ಸಿಯಲ್ಲಿ ರಕ್ತ ಮಾತ್ರ ಸಿಕ್ಕಿತು ಅಂದಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದು ಪೂರ್ತಿ ಹೇಳಲಾಗದು. ಕ್ಯಾನ್ಸರ್ ಹುಡುಕಲು ಮಾಡುವ ಪೆಟ್ ಸ್ಕ್ಯಾನಿನಲ್ಲೂ ಈ ರಕ್ತದ ಗಡ್ಡೆ ಕ್ಯಾನ್ಸರಿನಂತೆಯೇ ಹೊಳೆಯಬಹುದು. ಇಡೀ ಗಡ್ಡೆಯನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಮೇಲೆಯೇ ಖಾತ್ರಿ.

ಆಪರೇಷನ್ ಸುಲಭದ್ದಲ್ಲ, ನಾನು ಸುಮ್ನೆ ಧೈರ್ಯ ತುಂಬುವುದಿಲ್ಲ. ಚೀಲ ಪಕ್ಕೆಲುಬಿಗೂ ಶ್ವಾಸಕೋಶಕ್ಕೂ ಅಂಟಿಕೊಂಡಿರುತ್ತದೆ, ಬಿಡಿಸುವಾಗ ರಕ್ತ ಜಾಸ್ತಿ ಹೋಗಬಹುದು. ಅದಕ್ಕೇ ಮೊದಲು ಗಡ್ಡೆಗೆ ರಕ್ತ ಒದಗಿಸುವ ನಾಳಗಳನ್ನು ಒಳಗಿನಿಂದಲೇ ಮುಚ್ಚುವ ‘ಎಂಬೊಲೈಸೇಷನ್’ ಮಾಡುವುದುಂಟು. ನಿಮ್ಮ ತಂದೆಗೆ ಅದು ಬೇಕೇ ಎಂದು ಕೇಳಿ. ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ತಿಳಿಸಿ, ನೀವೇ ನಿಲ್ಲಿಸಬೇಡಿ.

ಒಮ್ಮೆಲೇ ಹೆಚ್ಚು ರಕ್ತ ಬಂದರೆ ಬಲಮಗ್ಗುಲಿಗೆ ಮಲಗಿಸಿ. ಗಡ್ಡೆಯಿರುವ ಕಡೆ ಕೆಳಗಿದ್ದರೆ ಒಳ್ಳೆಯ ಶ್ವಾಸಕೋಶಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ತಕ್ಷಣ ಆಂಬ್ಯುಲೆನ್ಸ್ ಕರೆದು ಎಮರ್ಜೆನ್ಸಿಗೆ ಹೋಗಿ, ಆಪರೇಷನ್ ದಿನಾಂಕಕ್ಕೆ ಕಾಯಬೇಡಿ.